ಸಾಕು ಎಂದಳೋ, ಹಸು ಎಂದಳೋ

ನನ್ನ ಮಗಳು ಮೊದಲು ಆಡಿದ ಮಾತು ಡಚ್ಚೋ ಕನ್ನಡವೋ ಎಂಬುದು ನನಗೆ ಇವತ್ತಿಗೂ ತಿಳಿಯದು. ಮಾತೆಂದರೆ ಒಂದೇ ಅಕ್ಷರ: ಕೂ. ಡಚ್ಚಿನಲ್ಲಿ ಕೂ ಎಂದರೆ ಹಸು.

ಅವಳಿಗಾಗ ಐದು ವರ್ಷ. ಹುಟ್ಟುವಾಗ ಮಿದುಳಿಗೆ ಬಿದ್ದ ಪೆಟ್ಟಿನಿಂದ ಅವಳ ಕಾಲಿನ ಸ್ನಾಯುಗಳು ಸದಾ ಬಿಗಿದುಕೊಂಡಿರುತ್ತವೆ. ನಾಲಿಗೆಯೂ ಅವಳ ಹಿಡಿತಕ್ಕೆ ಸಿಗುವುದಿಲ್ಲ. ಬೆಳಿಗ್ಗೆ ಟ್ಯಾಕ್ಸಿ ವ್ಯಾನೊಂದು ನೆದರ್ಲೆಂಡ್ಸಿನ ವೂರ್‌ಬರ್ಗ್ ಊರಿನ ನಮ್ಮ ಮನೆಯ ಮುಂದೆ ನಿಂತು ಅವಳನ್ನು ವಿಶೇಷ ಶಾಲೆಗೆ ಕರೆದೊಯ್ಯುತ್ತಿತ್ತು. ಪಾಠ, ವ್ಯಾಯಾಮ, ಮಾತಿನ ತರಬೇತಿ ಎಲ್ಲವೂ ಅಲ್ಲೇ. ವಾರಕ್ಕೊಮ್ಮೆ ನಾನೂ ಹೋಗಿ ವ್ಯಾಯಾಮದ ಕೋಣೆಯಲ್ಲಿ ಕೂರಬಹುದಿತ್ತು.

ವ್ಯಾಯಾಮ ಮಾಡಿಸುತ್ತಿದ್ದವರು ಎತ್ತರದ, ಮೆಲುದನಿಯ ಹೆಂಗಸು. ಮಗುವಿಗೆ ತಣ್ಣಗೆ ತಾಗಬಾರದೆಂದು ಮೊದಲು ಬಿಸಿನೀರಿನಲ್ಲಿ ಕೈ ತೊಳೆದುಕೊಳ್ಳುತ್ತಿದ್ದರು. ಒಂದು ದಿನ ಅವರು ಮೊಣಕಾಲನ್ನು ಹಿಡಿದು ಮೆಲ್ಲಗೆ ನೇರವಾಗಿಸುತ್ತಿದ್ದಾಗ ಮಗಳು "ಕೂ" ಎಂದಳು. ಎದುರಿನ ಗೋಡೆಯ ಮೇಲೆ ಹುಲ್ಲು ಮೇಯುವ ಹಸುವಿನ ಚಿತ್ರವಿತ್ತು. "ಹೌದು ಚಿನ್ನ, ಕೂ. ಎಷ್ಟು ಚೆನ್ನಾಗಿ ಹೇಳಿದೆ," ಎಂದು ಅವರು ಕಪಾಟಿನಿಂದ ಬಟ್ಟೆಯ ಹಸುವೊಂದನ್ನು ತಂದು ಅವಳ ಹೊಟ್ಟೆಯ ಮೇಲಿಟ್ಟರು. ಮತ್ತೆ ಕಾಲು ಹಿಡಿದರು. ನಾನು ಚಪ್ಪಾಳೆ ತಟ್ಟಿದೆ. ತಟ್ಟಿದೆನೆಂದೇ ನೆನಪು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದುವಾಗ, ನೆನಪು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. ಹಾಗಾಗಿ ಆಣೆ ಮಾಡಲಾರೆ.

ಆಮೇಲೆ ಪ್ರತಿ ಸಲವೂ ಕೂ ಎಂದಳು. ಪ್ರತಿ ಸಲವೂ ಹಸು ಬಂತು.

ಈ ಸಂತೋಷವನ್ನು ಹೇಳಲು ಕೆಳಗಿನ ಮನೆಯ ಅಜ್ಜಿಯ ಬಳಿಗೆ ಹೋದೆ. ಆಕೆ ಇಂಗ್ಲೆಂಡಿನವರು, ಡಚ್ ಗಂಡನನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ, ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಅಲ್ಲಿನ ಅಂಗವಿಕಲ ಮಕ್ಕಳ ವಸತಿಶಾಲೆಯೊಂದರಲ್ಲಿ ಬೆಳೆದವರು.

"ನಮ್ಮನ್ನೂ ಸಾಲಾಗಿ ಮಲಗಿಸಿ ಕಾಲು ಎಳೀತಿದ್ರು," ಎಂದರು. "ಎಳೆಯುವಾಗ ಹಾಡಬೇಕು. ನೋವಾದ್ರೆ ನಾನು ಇನ್ನೂ ಜೋರಾಗಿ ಹಾಡ್ತಿದ್ದೆ. ಇವಳ ಗಂಟಲು ಎಷ್ಟು ಚೆನ್ನಾಗಿದೆ ಅಂತ ಇನ್ನೊಂದು ಹಾಡು ಹೇಳಿಸೋರು."

"ಬೇಡ ಅನ್ನಬಹುದಿತ್ತಲ್ಲ?"

"ಅದನ್ನ ಯಾರೂ ಕಲಿಸಲಿಲ್ಲ, ಮಗು. ಹಾಡು ಕಲಿಸಿದ್ರು."

ಇದೇ ಕತೆಯನ್ನು ಇನ್ನೊಮ್ಮೆ ಕೇಳಿದಾಗ ಅವರು ಯೋಚಿಸಿ, "ಹಾಡಿದ್ದು ನಾನಲ್ಲ, ಪಕ್ಕದ ಹಾಸಿಗೆಯವಳು ಇರಬೇಕು. ಗಂಟಲು ಮಾತ್ರ ನಂದೇ," ಎಂದು ನಕ್ಕರು. ಆದರೆ ಮೊದಲ ಸಲ ಕೇಳಿದ ಆ ಸಂಜೆ ನನಗೆ ನಗು ಬರಲಿಲ್ಲ. ಮೇಲೆ ಬಂದು ಮಗಳಿಗೆ ಮೊಸರನ್ನ ತಿನ್ನಿಸುತ್ತಿದ್ದೆ. ಅವಳು ಮುಖ ಪಕ್ಕಕ್ಕೆ ತಿರುಗಿಸಿ "ಕೂ" ಎಂದಳು.

"ಸಾಕಾ?" ಎಂದೆ, ದಿನವೂ ಕೇಳುವಂತೆ. ಕೇಳಿದ ಮೇಲೆ ಚಮಚ ಕೈಯಲ್ಲೇ ನಿಂತಿತು. ಸಾಕು. ಆ 'ಸಾ' ಅವಳ ನಾಲಿಗೆಗೆ ಒಗ್ಗದು. ಉಳಿಯುವುದು 'ಕು' ಅಷ್ಟೆ.

ನನ್ನ ಗಂಡ ಉಡುಪಿಯವನು, ಮನೆಮಾತು ತುಳು. ಆಮ್ಸ್ಟರ್‌ಡ್ಯಾಮ್‌ನ ಆಫೀಸಿನಿಂದ ಅವನು ಬಂದು ಶೂ ಬಿಚ್ಚುವ ಮೊದಲೇ ಹೇಳಿದೆ.

"ಅವಳು ಹಸು ಅಂತಿಲ್ಲ ಅನ್ಸುತ್ತೆ ಕಣೋ. ಸಾಕು ಅಂತಿದಾಳೆ."

"ನಾನು ಊಟ ಮಾಡಿಸುವಾಗ 'ಯಾವಾ' ಅಂತ ಕೇಳುದಲ್ವಾ ಮಾರಾಯ್ತಿ. ಸಾಕು ಎಲ್ಲಿಂದ ಬಂತು?" ಯಾವು ಎಂದರೆ ತುಳುವಿನಲ್ಲಿ ಸಾಕು.

"ಊಟ ಮಾಡಿಸೋದು ನಾನು."

"ವೀಕೆಂಡು?"

"ವೀಕೆಂಡು ನೀನು ಮೊಬೈಲಲ್ಲಿ ಹಸು ತೋರಿಸ್ತೀಯ."

"ಹಾಗಾದ್ರೆ ಹಸುವೇ," ಎಂದ.

ಅವನ ವಾದದಲ್ಲಿ ಹುರುಳಿತ್ತು. ಅವಳು ಊಟದ ಹೊತ್ತಿಗೆ ಕೂ ಎನ್ನಲು ಶುರುಮಾಡಿದ್ದು ಶಾಲೆಯ ಹಸುವಿಗಿಂತ ಮುಂಚೆಯೋ ಆಮೇಲೋ? ಮುಂಚೆಯೇ ಎಂದು ಒಂದು ದಿನ ಅನ್ನಿಸುತ್ತಿತ್ತು, ಮಾರನೆಯ ದಿನ ಅದು ನಾನೇ ಕಟ್ಟಿಕೊಂಡ ನೆನಪು ಎನ್ನಿಸುತ್ತಿತ್ತು. ನನ್ನ ದಿನಚರಿಯಲ್ಲಿ "ಹಸು ಎಂದಳು" ಎಂದಷ್ಟೇ ಇದೆ. ಬರೆದವಳು ನಾನೇ ಆದ್ದರಿಂದ ಅದೂ ಸಾಕ್ಷಿಯಾಗದು. ಅವಳು ಸಾಕು ಎಂದಿದ್ದರೆ, ನಿಲ್ಲಿಸಿ ಎಂದು ಕೇಳಿದಾಗಲೆಲ್ಲ ನಾವು ಅವಳ ಕೈಗೆ ಆಟಿಕೆ ಕೊಟ್ಟು ಕಾಲು ಎಳೆದಂತಾಯಿತು. ಹಸು ಎಂದಿದ್ದರೆ, ಸುಮ್ಮನೆ ವ್ಯಾಯಾಮ ನಿಲ್ಲಿಸಿ ಕಾಲು ಇನ್ನಷ್ಟು ಬಿಗಿಯಲು ಬಿಟ್ಟಂತಾಗುತ್ತದೆ. ಅವಳು ಕಷ್ಟಪಟ್ಟು ಗಳಿಸಿದ ಒಂದೇ ಒಂದು ಹೆಸರನ್ನೂ ಕಿತ್ತುಕೊಂಡಂತಾಗುತ್ತದೆ.

ಮುಂದಿನ ವಾರ ವ್ಯಾಯಾಮದವರಿಗೆ ಹೇಳಿಯೇಬಿಟ್ಟೆ. ನನ್ನ ಡಚ್ಚು ಅಲ್ಲಲ್ಲಿ ಮುಗ್ಗರಿಸಿತು. ಅವರು "ಝಾಕೂ, ಝಾಕೂ" ಎಂದು ಎರಡು ಸಲ ಹೇಳಿ ನೋಡಿದರು. ಕೆಂಪಾದ ತಮ್ಮ ಅಂಗೈಗಳನ್ನು ನೋಡಿಕೊಂಡರು.

"ಹಾಗಾದರೆ ಕೂ ಅಂದ ಕೂಡಲೇ ಕೈ ತೆಗೆಯುತ್ತೇನೆ. ಹಸು ಆಮೇಲೆ," ಎಂದರು.

"ಅವಳು ಕೇಳಿದ್ದು ಹಸುವನ್ನೇ ಆಗಿದ್ದರೆ?"

"ಹಸುವಿಗೆ ಕಾಯುವುದು ಗೊತ್ತು."

"ಕಾಲು?"

"ನಿಧಾನವಾಗುತ್ತದೆ. ನಿಂತು ನಿಂತು ಮಾಡೋಣ."

ಮೊಣಕಾಲು ಹಿಡಿದರು. ಸ್ವಲ್ಪ ಹೊತ್ತಿಗೆ ಮಗಳು "ಕೂ" ಎಂದಳು. ಅವರ ಎರಡೂ ಕೈಗಳು ಮೇಲೆದ್ದವು. ಮಗಳು ಬೆಚ್ಚಿದಂತೆ ಆ ಕೈಗಳನ್ನೇ ನೋಡಿದಳು. ಆಮೇಲೆ ಕಪಾಟಿನತ್ತ ನೋಡಿದಳೋ, ನನ್ನತ್ತ ನೋಡಿದಳೋ? ಅದೊಂದು ಗೊತ್ತಾಗಿದ್ದರೆ ಎಲ್ಲ ಬಗೆಹರಿಯುತ್ತಿತ್ತು. ನನಗೆ ಎರಡೂ ನೆನಪಿವೆ. ಯಾರೂ ಮುಟ್ಟದಿದ್ದರೂ ಅವಳು ಮತ್ತೆ "ಕೂ" ಎಂದಳು. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಇನ್ನೂ ಒಂದು ಹೆಜ್ಜೆ ಹಿಂದೆ ಸರಿದರು.

ಸಂಜೆ ಊಟ ಮಾಡಿಸುತ್ತಿದ್ದಾಗ ಗಂಡ ಟ್ರೇನಿನಿಂದ ಫೋನ್ ಮಾಡಿದ. "ಎಂತಾಯ್ತು?"

"ಕೈ ಬಿಟ್ರು."

"ಕೈ ಬಿಟ್ರಾ? ಅವಳನ್ನಾ?"

"ಅಯ್ಯೋ, ಹಾಗಲ್ಲ ಕಣೋ. ಕಾಲಿನಿಂದ ಕೈ ತೆಗೆದ್ರು. ಅವಳು ಹೇಳಿದ ತಕ್ಷಣ."

"ಹೇಳಿದ್ದು ಎಂತ ಅಂತ ಗೊತ್ತಾಯ್ತಾ?"

"ಇಲ್ಲ."

ನನ್ನ ಮುಂದೆ ಮಗಳು ಮುಖ ತಿರುಗಿಸಿ "ಕೂ" ಎಂದಳು. ಬಟ್ಟಲಲ್ಲಿ ಇನ್ನೂ ಅರ್ಧ ಅನ್ನವಿತ್ತು. ನಾನು ಏನೂ ಕೇಳದೆ ಚಮಚ ಕೆಳಗಿಟ್ಟೆ.