ಇಲ್ಲಿಯ ಮಾತು ಇಲ್ಲೇ

ತಪ್ಪು ನನ್ನದೇ. ಅದೂ ಮೆಚ್ಚುಗೆ ಗಿಟ್ಟಿಸಿದ ತಪ್ಪು. ಎರಡು ವರ್ಷಗಳ ಹಿಂದೆ ಬಳಗಾನೂರು ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೊಸ ಶಿಕ್ಷಕನಾಗಿ ಸೇರಿದ್ದೆ. ಮಸ್ಕಿ ಬಸ್ಸಿನ ಕಂಡಕ್ಟರನಿಂದ ನಮ್ಮ ಹೆಡ್‌ಮಾಸ್ಟರರವರೆಗೆ ಯಾರ ದನಿ ಮಾಡುವುದನ್ನೂ ಬಿಟ್ಟವನಲ್ಲ. ಯಾರೂ ಸಿಗದಿದ್ದರೆ ಕನ್ನಡಿ ಮುಂದೆ ನಿಂತು ನನ್ನನ್ನೇ ಅಣಕಿಸುತ್ತಿದ್ದೆ.

ಏಳು, ಎಂಟನೆಯ ತರಗತಿಯವರು ಮಕ್ಕಳೂ ಅಲ್ಲ, ದೊಡ್ಡವರೂ ಅಲ್ಲ. ಆ ವಯಸ್ಸಿಗೆ ಪಾಠದ ಜೊತೆ ಮನಸ್ಸು ಬಿಚ್ಚಿ ಮಾತಾಡಲು ಜಾಗವೂ ಬೇಕೆಂದು ಹೆಡ್‌ಮಾಸ್ಟರರನ್ನು ಕಾಡಿ, ಎಂಟನೆಯವರಿಗೆ ಶನಿವಾರದ ಕೊನೆಯ ಪೀರಿಯಡ್ ಪಡೆದೆ. ದುಂಡಗೆ ಕೂತು, ಬಾಗಿಲು ಮುಚ್ಚಿ ಮಾತು. ಬೋರ್ಡಿನ ಮೇಲೆ ನಾನೇ ನಿಯಮ ಬರೆದು, ಗಟ್ಟಿಯಾಗಿ ಓದಿ ಹೇಳಿದೆ: ‘ಇಲ್ಲಿಯ ಮಾತು ಇಲ್ಲೇ.’

“ನೋಡೂನು ತಮ್ಮಾ. ಉಪಯೋಗ ಕಾಣಲಿಲ್ಲಂದ್ರ ಆ ಪೀರಿಯಡ್ ಗಣಿತಕ್ಕ” ಎಂದಿದ್ದರು ಹೆಡ್‌ಮಾಸ್ಟರ್.

ಮೂರು ವಾರ ಯಾರೂ ತುಟಿ ಬಿಚ್ಚಲಿಲ್ಲ. ನಾಲ್ಕನೆಯ ಶನಿವಾರ ವಿರೂಪಾಕ್ಷಿ ಎದ್ದ. ದಿನಾ ಪ್ರಾರ್ಥನೆ ಹಾಡಿಸುತ್ತಿದ್ದ ಹುಡುಗ. ಈಗ ದನಿ ಒಡೆಯುತ್ತಿತ್ತು.

“ಸರ, ನಾ ಬೇಕಂತ ತಡಾ ಮಾಡಿ ಬರಾಕತ್ತೀನ್ರಿ. ಹಾಡಾಕ ಹೋದ್ರ ದನಿ ಕೀರ್ ಅಂತೈತ್ರಿ. ನಮ್ಮವ್ವಗೂ ಹೇಳಿಲ್ಲ.”

ಆಮೇಲೆ ಒಬ್ಬೊಬ್ಬರಾಗಿ ಮಾತು ಬಂತು. ನಾನು ಉಬ್ಬಿಹೋದೆ.

ಸೋಮವಾರ ಸ್ಟಾಫ್‌ರೂಮಿನಲ್ಲಿ ಹೆಡ್‌ಮಾಸ್ಟರ್, “ಬಾಗಿಲಾ ಹಾಕ್ಕೊಂಡು ಏನು ಕಡದಿ?” ಎಂದರು. ಉಪಯೋಗ ತೋರಿಸುವ ಭರದಲ್ಲಿ ವಿರೂಪಾಕ್ಷಿಯ ಮಾತನ್ನು ಅವನ ಒಡಕು ದನಿಯಲ್ಲೇ ಒಪ್ಪಿಸಿಬಿಟ್ಟೆ, ‘ಕೀರ್’ ಸಮೇತ. ಪಿ.ಟಿ. ಮಾಸ್ತರೂ ಸೇರಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. “ಯಾರ ಮುಂದೂ ಅನಬ್ಯಾಡ್ರಿ ಮತ್ತ” ಎಂದೂ ಸೇರಿಸಿದೆ, ಮಹಾ ಜವಾಬ್ದಾರಿಯವನಂತೆ.

ಮರುದಿನ ತಡವಾಗಿ ಬಂದ ವಿರೂಪಾಕ್ಷಿಯನ್ನು ಪಿ.ಟಿ. ಮಾಸ್ತರು ಪ್ರಾರ್ಥನೆಯ ಸಾಲುಗಳ ಎದುರು ನಿಲ್ಲಿಸಿದರು.

“ಏನ್ಲೇ ಕೀರಪ್ಪಾ, ಇವತ್ತೂ ಗಂಟಲ ಕೈ ಕೊಡ್ತೇನು?”

ಇಡೀ ಶಾಲೆ ನಕ್ಕಿತು. ಹುಡುಗ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದ.

ನಾನು ಮಾಸ್ತರರ ಮೇಲೆ ಹರಿಹಾಯ್ದೆ: “ನಂಬಿ ಹೇಳಿದ್ನೆಲ್ರೀ!” ಮೋಸಹೋದವನು ನಾನೇ ಎಂಬ ಸಿಟ್ಟು ಎರಡು ದಿನ ಇಳಿಯಲಿಲ್ಲ. ನಾನು ಮಾಸ್ತರರನ್ನು ನಂಬುವ ಮೊದಲೇ ನನ್ನನ್ನು ನಂಬಿದವನೊಬ್ಬನಿದ್ದಾನೆಂದು ಹೊಳೆಯಲು ಮೂರನೆಯ ದಿನ ಬೇಕಾಯಿತು.

ಶನಿವಾರ ಬಾಗಿಲು ಮುಚ್ಚಿ ಕ್ಷಮೆ ಕೇಳಿದೆ. ಅಷ್ಟಕ್ಕೇ ನಿಲ್ಲಿಸದೆ ಅಲ್ಲೂ ನಗಿಸಲು ಹೊರಟೆ: “ತಗೋರಿ, ಈಗ ನೀವು ನನ್ನ ದನಿ ಮಾಡ್ರಿ. ಸಮಾ ಆಗ್ಲಿ.”

ಮಕ್ಕಳ ಮಾತಿಗೆ ಬಾಗಿಲು ಹಾಕುವ ಮೊದಲು ಮಾಸ್ತರನಾದವನು ತನ್ನ ಬಾಯಿಗೊಂದು ಹಾಕಿಕೊಳ್ಳಬೇಕು. ನೌಕರಿ ಕಲಿಸಿದ್ದು ಇಷ್ಟೇ. ಮುಂದಿನ ವಾರ ಆ ಪೀರಿಯಡ್ ಗಣಿತಕ್ಕೆ ಹೋಯಿತು; ಯಾರೂ ಕಿತ್ತುಕೊಳ್ಳಲಿಲ್ಲ, ನಾನೇ ಒಪ್ಪಿಸಿದೆ. ಏಕೆಂದರೆ ಕ್ಷಮೆ ಕೇಳಿದ ಆ ಶನಿವಾರ ವಿರೂಪಾಕ್ಷಿ ಎದ್ದು ನಿಂತು, ಒಡಕು ದನಿಯನ್ನು ಅಡಗಿಸದೆ ಕೇಳಿದ್ದ:

“ಸರ, ‘ಇಲ್ಲಿಯ ಮಾತು ಇಲ್ಲೇ’ ಅಂತ ಅವತ್ತು ಓದಿ ಹೇಳಿದ್ರೆಲ್ಲ, ಅದನ್ನ ಯಾರ ದನಿ ಮಾಡಿ ಹೇಳಿದ್ರಿ?”