ಅಕ್ಕ ಕಲಸಿದ ಮಣ್ಣು

ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪ ಕಾಡಿನಲ್ಲಿ ನೆಡುವ ಸಸಿಗಳನ್ನು ಬೆಳೆಸುವ ಕೆಲಸ ಮಾಡುತ್ತಿದ್ದ. ಆಳಂದದಿಂದ ಜಿಡಗಾ ಕಡೆ ಹೋಗುವ ದಾರಿಯಲ್ಲಿ ನಮ್ಮ ಊರು. ಊರ ಹೊರಗೆ ಹಳ್ಳದ ದಂಡೆಯಲ್ಲಿ ಸಸಿಗಳ ತೋಟವಿತ್ತು. ತೊಗರಿ ಕಟ್ಟಿಗೆಯ ಚಪ್ಪರ, ಅದರ ಕೆಳಗೆ ಕರಿ ಪ್ಲಾಸ್ಟಿಕ್ ಚೀಲಗಳ ಉದ್ದುದ್ದ ಸಾಲು, ಪಕ್ಕದಲ್ಲಿ ಒಂದು ಬಾವಿ. ಮಳೆ ಬಿದ್ದ ಕೂಡಲೇ ಲಾರಿ ಬಂದು ಸಸಿಗಳನ್ನು ಬೋಳು ಗುಡ್ಡಕ್ಕೆ ಒಯ್ಯುತ್ತಿತ್ತು.

ಸಸಿಯ ಚೀಲಕ್ಕೆ ಹೊಲದ ಮಣ್ಣನ್ನು ಹಾಗೇ ತುಂಬಿದರೆ ಆಗುವುದಿಲ್ಲ. ಎರಡು ಪುಟ್ಟಿ ಕೆಂಪು ಮಣ್ಣು, ಒಂದು ಪುಟ್ಟಿ ಉಸುಕು, ಒಂದು ಪುಟ್ಟಿ ಹಳೆಯ ತಿಪ್ಪೆಗೊಬ್ಬರ ಹಾಕಿ ಕಲಸಬೇಕು. ನಮ್ಮ ಕಡೆ ಇರುವುದೆಲ್ಲ ಕಪ್ಪು ಎರೆಮಣ್ಣು. ಹಾಗಾಗಿ ಕೆಂಪು ಮಣ್ಣು ಚಿಂಚೋಳಿ ಕಡೆಯಿಂದ ಲಾರಿಯಲ್ಲಿ ಬರುತ್ತಿತ್ತು. ಒಂದು ವರ್ಷ ಆ ಲಾರಿ ಬರಲೇ ಇಲ್ಲ. ಬೀಜ ಊರುವ ಹೊತ್ತು ಮೀರುತ್ತಿತ್ತು. ಅಪ್ಪ ಕಾದು ಕಾದು ಕೊನೆಗೆ ಎರೆಮಣ್ಣನ್ನೇ ತುಂಬಿಸತೊಡಗಿದ.

"ನೀರ ಬಿದ್ರ ಈ ಮಣ್ಣ ಜಿಗಟ ಆಗ್ತದಪ್ಪಾ. ಬೇರಿಗೆ ಉಸಿರಾಡಾಕ ಜಾಗ ಸಿಗಂಗಿಲ್ಲ," ಅಂದಳು ಅಕ್ಕ. ಅವಳಿಗೆ ಆಗ ಹದಿನೈದು ವರ್ಷವಿರಬಹುದು. ಶಾಲೆ ಬಿಟ್ಟು ಅಪ್ಪನ ಜೊತೆ ದಿನವೂ ತೋಟಕ್ಕೆ ಹೋಗುತ್ತಿದ್ದಳು.

"ಇದರಾಗ ತೊಗರಿ, ಜ್ವಾಳ ನೀರಿಲ್ಲದ ಬೆಳಿತಾವ. ಗಿಡ ಬೆಳ್ಯಂಗಿಲ್ಲೇನ? ನಮ್ಮ ಎರಿ ಮಣ್ಣಿಗೆ ಹೆಸರಿಡಬ್ಯಾಡ," ಅಂದ ಅಪ್ಪ.

ಮರುದಿನ ಬೆಳಿಗ್ಗೆ ಅಕ್ಕ ನನ್ನನ್ನು ಕರೆದುಕೊಂಡು ಹಳ್ಳದಾಚೆಯ ದಿಬ್ಬಕ್ಕೆ ಹೋದಳು. ಅಲ್ಲಿ ಹರಳು ಬೆರೆತ ಕೆಂಚು ಗರಸು ಮಣ್ಣಿತ್ತು. ಅದನ್ನು ಜರಡಿ ಹಿಡಿದು, ಹಳ್ಳದ ಉಸುಕು, ಹಳೆಯ ಗೊಬ್ಬರ, ಸ್ವಲ್ಪ ಎರೆಮಣ್ಣು ಸೇರಿಸಿ ಕಲಸಿದಳು. ಒಂದು ಹಿಡಿ ಹಸಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ನನ್ನ ಮುಂದೆ ಹಿಡಿದಳು. ಉಂಡೆ ನಿಂತಿತು. ಹೆಬ್ಬೆರಳು ತಾಗಿಸಿದೊಡನೆ ಉದುರಿತು. "ಹಿಂಗಿರಬೇಕು," ಅಂದಳು. ಆ ಮಣ್ಣನ್ನು ಇನ್ನೂ ಖಾಲಿ ಇದ್ದ ಹಿಂದಿನ ಎರಡು ಸಾಲು ಚೀಲಗಳಿಗೆ ನಾವಿಬ್ಬರೂ ತುಂಬಿದೆವು. ಅಪ್ಪ ನೋಡಿದ. ಗರಸಿನಲ್ಲಿ ಹುಲ್ಲೂ ಹುಟ್ಟುವುದಿಲ್ಲ ಎಂದು ಗೊಣಗಿದ, ಬೇಡ ಅಂದ. ಆದರೆ ತುಂಬಿದ್ದನ್ನು ಸುರುವಿಸಲಿಲ್ಲ.

ಎಲ್ಲ ಚೀಲಗಳಲ್ಲೂ ಹುಣಸೆ, ಹೊಂಗೆ ಮೊಳೆತವು. ಒಂದು ಗೇಣು ಬೆಳೆಯುವ ಹೊತ್ತಿಗೆ ಎರೆಮಣ್ಣು ತುಂಬಿದ ಮುಂದಿನ ಸಾಲುಗಳ ಎಲೆಗಳು ಹಳದಿಯಾದವು. ನೀರು ಹಾಕಿದರೆ ಮೇಲೆಯೇ ನಿಲ್ಲುತ್ತಿತ್ತು, ಆರಿದರೆ ಮಣ್ಣು ಇಟ್ಟಿಗೆಯಂತೆ ಬಿರಿಯುತ್ತಿತ್ತು. ಬಿಸಿಲು ಜಾಸ್ತಿಯಾಯಿತು ಎಂದು ಅಪ್ಪ ಇನ್ನಷ್ಟು ನೀರು ಹಾಕಿಸಿದ.

ಸಸಿ ನೋಡಲು ಅರಣ್ಯ ಇಲಾಖೆಯ ಸಾಹೇಬರು ಬರುವ ದಿನ ಬಂತು. ಆ ಬೆಳಿಗ್ಗೆ ಅಪ್ಪ ಒಗೆದ ಧೋತರ ಉಟ್ಟಿದ್ದ. ನಮ್ಮಿಬ್ಬರಿಗೂ ಹೇಳಿದ: "ಆ ಎರಡ ಸಾಲ ಗ್ವಾಡಿ ಹಿಂದ ಸರಸ್ರಿ. ಗರಸು ಯಾಕ ತುಂಬೀದಿ ಅಂತ ಸಾಹೇಬ್ರು ಕೇಳಿದ್ರ ನಾ ಏನ ಹೇಳ್ಲಿ?"

ನಾವು ಒಂದೊಂದೇ ಚೀಲ ಹೊತ್ತು ಬಾವಿಯ ಗೋಡೆಯ ಹಿಂದೆ ಇಟ್ಟೆವು. ಆ ಸಸಿಗಳ ಎಲೆ ದಟ್ಟ ಹಸಿರಾಗಿದ್ದವು.

ಸಾಹೇಬರು ಜೀಪಿನಿಂದಿಳಿದು ಸಾಲುಗಳ ನಡುವೆ ನಡೆದರು. ಅವರು ಬೇರೆ ಸೀಮೆಯವರು, ಮೆಲ್ಲಗೆ ಮಾತಾಡುವವರು. ಒಂದು ಚೀಲ ಎತ್ತಿ ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಒಳಗಿನಿಂದ ಕೊಳೆತ ವಾಸನೆ ಬಂತು. ಬೇರು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಜಾರುತ್ತಿತ್ತು. ಇನ್ನೊಂದನ್ನು ಸೀಳಿದರು. ಅದೂ ಹಾಗೇ. ಮೂರನೆಯದರಲ್ಲಿ ಬೇರು ಕೊಳೆತಿರಲಿಲ್ಲ, ಆದರೆ ಒಂದು ಬೆರಳಿನಷ್ಟೂ ಹರಡಿರಲಿಲ್ಲ.

"ಇವು ಗುಡ್ಡದಲ್ಲಿ ಬದುಕುವುದಿಲ್ಲ," ಅಂದರು. "ತೋಟವೆಲ್ಲ ಹೀಗೆಯೇ?"

ಅಪ್ಪ ತಲೆ ತಗ್ಗಿಸಿ ನಿಂತ. ನಾನು ಅಕ್ಕನ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಅಪ್ಪನ ಎದುರು, ಅದೂ ಹೊರಗಿನವರ ಮುಂದೆ, ಅವಳು ಬಾಯಿ ಬಿಡುವವಳಲ್ಲ. ನಾನು ಗೋಡೆಯ ಹಿಂದೆ ಓಡಿದೆ. ಒಂದು ಹುಣಸೆ ಸಸಿಯನ್ನು ಎರಡೂ ಕೈಯಲ್ಲಿ ಎದೆಗವುಚಿಕೊಂಡು ತಂದು ಸಾಹೇಬರ ಕಾಲ ಬಳಿ ಇಟ್ಟೆ. ಅಪ್ಪ ನನ್ನನ್ನು ದುರುಗುಟ್ಟಿ ನೋಡಿದ.

ಸಾಹೇಬರು ಅದನ್ನೂ ಸೀಳಿದರು. ಚೀಲ ಕಳಚಿದರೂ ಮಣ್ಣಿನ ಮುದ್ದೆ ಹಾಗೇ ನಿಂತಿತು. ಅದರ ಸುತ್ತ ಶಾವಿಗೆಯಂಥ ಬಿಳಿ ಬೇರು ಹೆಣೆದುಕೊಂಡಿತ್ತು. ಅವರು ಅದನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಈ ಮಣ್ಣು ಕಲಸಿದವರು ಯಾರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಹೇಳಿದ. "ನಮ್ಮ ದೊಡ್ಡ ಹುಡುಗಿ ಕಲಸ್ಯಾಳ್ರಿ. ನಾ ಬ್ಯಾಡ ಅಂದಿದ್ದೆ. ತಪ್ಪ ನಂದದರಿ."

ಸಾಹೇಬರು ಬೈಯಲಿಲ್ಲ. ಬೇರು ಕೊಳೆಯದ ಸಸಿಗಳನ್ನೆಲ್ಲ ಇವತ್ತೇ ಈ ಮಣ್ಣಿಗೆ ಬದಲಾಯಿಸಿ, ಬಿಸಿಲು ತಾಗದಂತೆ ನೋಡಿಕೊಳ್ಳಿ ಎಂದು ಹೇಳಿ ಹೊರಟುಹೋದರು.

ಜೀಪಿನ ಧೂಳು ಇಳಿಯುವ ಮೊದಲೇ ಅಪ್ಪ ಒಗೆದ ಧೋತರವನ್ನು ಮೇಲೆ ಕಟ್ಟಿ ಗುದ್ದಲಿ ತೆಗೆದುಕೊಂಡ. ಗರಸು ಅಗೆದು ಹೊತ್ತು ತಂದ. ಅಕ್ಕ ಜರಡಿ ಹಿಡಿದಳು. ನಾನು ನೀರು ಚಿಮುಕಿಸಿದೆ. ಮಧ್ಯಾಹ್ನ ಅವ್ವ ರೊಟ್ಟಿ, ಪುಂಡಿಪಲ್ಯ ತಂದಳು. ಉಂಡು ಕೈ ತೊಳೆದವಳೇ ಅವಳೂ ಕೂತಳು. ಹಳೆಯ ಚೀಲ ಬಿಚ್ಚಿ, ಬೇರಿಗಂಟಿದ ಜಿಗುಟನ್ನು ನೀರಿನಲ್ಲಿ ಮೆಲ್ಲಗೆ ಬಿಡಿಸಿ, ಹೊಸ ಮಣ್ಣಿಗೆ ಕೂರಿಸಬೇಕು. ಬೇರು ಹರಿದರೆ ಸಸಿ ಹೋಯಿತು. ನನ್ನ ಬೆರಳು ಸಣ್ಣವಾದ್ದರಿಂದ ಬಿಡಿಸುವ ಕೆಲಸ ನನಗೇ ಬಂತು. ಚಪ್ಪರದ ಕೆಳಗೆ ಹಸಿ ಮಣ್ಣಿನ, ಗೊಬ್ಬರದ, ಒದ್ದೆ ತೊಗರಿ ಕಟ್ಟಿಗೆಯ ವಾಸನೆ ಕೂಡಿಕೊಂಡಿತ್ತು.

ಅಪ್ಪ ಒಂದು ಹಿಡಿ ಮಣ್ಣು ಒತ್ತಿ ಅಕ್ಕನ ಮುಂದೆ ಹಿಡಿದ. "ಇಷ್ಟ ಉಸುಕು ಸಾಕೇನಬೇ?"

"ಇನ್ನರ್ಧ ಪುಟ್ಟಿ ಹಾಕಪ್ಪಾ."

ಅಪ್ಪ ಹಾಕಿದ. ಸ್ವಲ್ಪ ಹೊತ್ತಿನ ಮೇಲೆ ಕೆಲಸ ನಿಲ್ಲಿಸದೆಯೇ ಅಂದ: "ನೀ ಇನ್ನೊಮ್ಮಿ ಹೇಳಬೇಕಿತ್ತು."

"ಒಮ್ಮಿ ಹೇಳಿದ್ದೆನಲ್ಲಪ್ಪಾ," ಅಂದಳು ಅಕ್ಕ.

ಅಪ್ಪ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟ. "ಹೌದು. ಹೇಳಿದ್ದಿ," ಅಂದು ಮತ್ತೆ ಮಣ್ಣು ಕಲಸತೊಡಗಿದ. ಹೊತ್ತು ಮುಳುಗುವಾಗ ನನ್ನ ನೆನೆದ ಬೆರಳುಗಳನ್ನು ತನ್ನ ಟವೆಲಿನಿಂದ ಒರೆಸಿದ.

ಬದಲಾಯಿಸಿದ ಸಸಿಗಳೆಲ್ಲವೂ ಉಳಿಯಲಿಲ್ಲ. ಅರ್ಧದಷ್ಟು ಬಾಡಿದವು. ಉಳಿದವು ಮಳೆಗಾಲದಲ್ಲಿ ಗುಡ್ಡಕ್ಕೆ ಹೋದವು, ಅಕ್ಕನ ಎರಡು ಸಾಲು ಎಲ್ಲಕ್ಕಿಂತ ಮೊದಲು ಲಾರಿ ಹತ್ತಿದವು. ಮುಂದಿನ ವರ್ಷ ಕೆಂಪು ಮಣ್ಣಿನ ಲಾರಿ ಬಂತು. ಆದರೂ ಅಕ್ಕ ನೋಡಿ ಸರಿ ಅನ್ನುವವರೆಗೆ ಅಪ್ಪ ಒಂದು ಚೀಲವನ್ನೂ ತುಂಬಿಸಲಿಲ್ಲ.

ಮೊಮ್ಮಕ್ಕಳೇ, ಹೋದ ತಿಂಗಳು ನಿಮ್ಮ ಶಾಲೆಯವರು ನಿಮಗೆ ಹೊಸ ನರ್ಸರಿ ತೋರಿಸಿದರಲ್ಲ. ಅಲ್ಲಿ ಈಗ ಚೀಲಗಳಿಲ್ಲ, ಟ್ರೇಗಳಿವೆಯಂತೆ. ಮಣ್ಣಿನ ಬದಲು ತೆಂಗಿನ ನಾರಿನ ಪುಡಿ ಇಟ್ಟಿಗೆಯಂತೆ ಬರುತ್ತದೆ, ನೀರು ಹಾಕಿದರೆ ಉಬ್ಬುತ್ತದೆ ಎಂದು ನೀವೇ ಹೇಳಿದಿರಿ. ಒಳ್ಳೆಯದೇ. ನಮ್ಮ ಕಾಲದಲ್ಲಿ ಅದಿದ್ದಿದ್ದರೆ ಎಷ್ಟೋ ಸಸಿ ಉಳಿಯುತ್ತಿದ್ದವು.

ಆದರೆ ನನಗೆ ಆ ಕಾಲಕ್ಕಿಂತ ಹೆಚ್ಚು ಬೇರೆ ಅನ್ನಿಸುವುದು ಇನ್ನೊಂದು. ಮೊನ್ನೆ ನಿಮ್ಮಪ್ಪ ಬಾಲ್ಕನಿಯ ಕುಂಡಕ್ಕೆ ನೀರು ಸುರಿಯುತ್ತಿದ್ದಾಗ ನಿಮ್ಮಲ್ಲಿ ಸಣ್ಣವಳು, "ಅಪ್ಪಾ, ಸಾಕು. ಅದರ ಬೇರು ಕೊಳಿತದ," ಅಂದಳು. ನಿಮ್ಮಪ್ಪ "ಹೌದೇನು?" ಅಂದು ಮಗ್ಗನ್ನು ಕೆಳಗಿಟ್ಟ. ಒಮ್ಮೆ ಹೇಳಿದ್ದೇ ಸಾಕಾಯಿತು, ಅವಳು ಮತ್ತೆ ಆಡಲು ಹೋದಳು. ನಾನು ಮಾತ್ರ ಬಹಳ ಹೊತ್ತು ಆ ಕುಂಡವನ್ನೇ ನೋಡುತ್ತ ಕೂತಿದ್ದೆ.