ಅಕ್ಕ ನನ್ನ ಪರವಾಗಿ ಹೇಳಿದ್ದು

ನಮ್ಮ ಕಡೆ ಹೆಂಗಸರ ಕೆಳಗಿನ ಕಾಯಿಲೆಯನ್ನು ಕಾಯಿಲೆ ಬಂದವಳೇ ಹೇಳುವ ಕ್ರಮ ಇಲ್ಲ. ಜೊತೆಗೆ ಹೋದವಳು ಹೇಳುತ್ತಾಳೆ. ಡಾಕ್ಟರು ಕೇಳುವುದೂ ಅವಳನ್ನೇ. ಕಾಯಿಲೆಯವಳು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕುಳಿತಿದ್ದರೆ ಸಾಕು. ಹೀಗೆ ಜೊತೆಗೆ ಹೋಗಿ ಮಾತಾಡುವುದರಲ್ಲಿ ನನ್ನ ಅಕ್ಕನನ್ನು ಮೀರಿಸುವವರು ಬೆಟ್ಟಂಪಾಡಿಯಲ್ಲಿ ಯಾರೂ ಇಲ್ಲ. ಅವಳು ಆಶಾ ಕಾರ್ಯಕರ್ತೆ. ಊರಿನ ಅರ್ಧ ಹೆಂಗಸರ ಗುಟ್ಟು ಅವಳಿಗೆ ಗೊತ್ತು, ಒಂದನ್ನೂ ಹೊರಗೆ ಬಿಟ್ಟವಳಲ್ಲ. ಅದಕ್ಕೇ ನಾನೂ ಅವಳನ್ನು ನಂಬಿದೆ.

ಎರಡನೇ ಹೆರಿಗೆಯ ನಂತರ ನನಗೆ ಕೆಮ್ಮಿದರೆ ಮೂತ್ರ ಹೋಗುತ್ತಿತ್ತು. ನಲವತ್ತು ದಾಟಿದ ಮೇಲೆ, ಬೆಳ್ಳಾರೆಯ ನಮ್ಮ ಮನೆಯಿಂದ ಡೈರಿಗೆ ಹಾಲಿನ ಕ್ಯಾನು ಹೊತ್ತು ನಡೆದರೆ ಏನೋ ಕೆಳಗಿಳಿದ ಹಾಗೆ ಆಗತೊಡಗಿತು. ಗಂಡನಿಗೂ ಹೇಳದ್ದನ್ನು ಅಕ್ಕನಿಗೆ ಹೇಳಿದೆ. ಒಂದೇ ಒಂದು ಷರತ್ತು ಹಾಕಿದೆ: ಒಳಗೆ ಕೈ ಹಾಕಿ ನೋಡುವುದಿದ್ದರೆ ಮೊದಲು ನನ್ನನ್ನು ಕೇಳಬೇಕು. ನನಗೆ ಆಗದಿದ್ದರೆ ಇನ್ನೊಂದು ದಿನ. ಹೆರಿಗೆಯ ಹೊತ್ತಿನಲ್ಲಿ ಯಾರ‍್ಯಾರೋ ಬಂದು ಹೇಳದೆ ಕೇಳದೆ ಪರೀಕ್ಷೆ ಮಾಡಿ ಹೋದದ್ದು ನನಗೆ ಮರೆತಿರಲಿಲ್ಲ.

"ಕೇಳದೆ ಯಾರೂ ಮುಟ್ಟುದಿಲ್ಲ. ನಾನಿದ್ದೇನಲ್ಲ ಮಾರಾಯ್ತಿ," ಎಂದಳು ಅಕ್ಕ.

ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರಮ್ಮ ಅಕ್ಕನ ಹತ್ತಿರ ನನ್ನ ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡರು. ನನ್ನನ್ನು ಮಲಗಿಸಿದರು. ಪರದೆಯ ಹತ್ತಿರ ಕಲಿಯಲು ಬಂದ ಇಬ್ಬರು ಹುಡುಗಿಯರು ನಿಂತಿದ್ದರು. ಗ್ಲೌಸ್ ಹಾಕುವ ಶಬ್ದ ಕೇಳಿದ್ದೇ ನನ್ನ ಮೈ ಮರಗಟ್ಟಿತು.

"ಇವತ್ತು ಬೇಡ," ಎಂದೆ. ಗಟ್ಟಿಯಾಗಿಯೇ ಹೇಳಿದೆ.

ಡಾಕ್ಟರಮ್ಮ ಕೈ ತಡೆದರು. ಅಷ್ಟು ಮಟ್ಟಿಗೆ ಅವರದ್ದು ತಪ್ಪಿಲ್ಲ. ಆದರೆ ನೋಡಿದ್ದು ನನ್ನ ಮುಖವನ್ನಲ್ಲ, ಅಕ್ಕನ ಮುಖವನ್ನು.

ಅಕ್ಕ ನಕ್ಕಳು. "ಅವಳಿಗೆ ನಾಚಿಕೆ ಡಾಕ್ಟ್ರೇ. ಎಂತ ಇಲ್ಲ, ನೀವು ನೋಡಿ," ಎಂದು ನನ್ನ ಮೊಣಕಾಲುಗಳನ್ನು ಎರಡೂ ಕೈಯಿಂದ ಹಿಡಿದಳು.

ಪರೀಕ್ಷೆ ಎರಡು ನಿಮಿಷದಲ್ಲಿ ಮುಗಿದಿರಬೇಕು. ಗರ್ಭಕೋಶ ಸ್ವಲ್ಪ ಜಾರಿದೆ, ಮಕ್ಕಳು ಸಾಕಲ್ಲ, ತೆಗೆಸಿಬಿಡುವುದು ಒಳ್ಳೆಯದು ಎಂದರು. ಅದನ್ನೂ ಅಕ್ಕನಿಗೇ ಹೇಳಿದರು. ಯಾವಾಗ ಬಂದು ಅಡ್ಮಿಟ್ ಆಗಬೇಕೆಂದು ಅಕ್ಕ ಕೇಳುತ್ತಿದ್ದಳು. ನಾನು ಸೀರೆ ಸರಿಮಾಡಿಕೊಂಡು ಹೊರಗೆ ಬಂದು, ಅವಳಿಗೆ ಕಾಯದೆ ಬಸ್ಸು ಹತ್ತಿದೆ.

ಆಮೇಲೆ ತಿಂಗಳುಗಟ್ಟಲೆ ನಾನು ಮಾಡಿದ ಕೆಲಸ ಮನಸ್ಸಿನೊಳಗೆ ಅಕ್ಕನ ಪರ ವಾದಿಸುವುದು. ಪಾಪ, ಅವಳು ನಿಜವಾಗಿಯೂ ನಾಚಿಕೆ ಎಂದೇ ತಿಳಿದಳು. ದಿನಕ್ಕೆ ನಾಲ್ಕು ಹೆಂಗಸರ ನಾಚಿಕೆ ಬಿಡಿಸುವವಳಿಗೆ ನನ್ನದು ಬೇರೆ ಎಂದು ಹೇಗೆ ಗೊತ್ತಾಗಬೇಕು? ಹೀಗೆಲ್ಲ ಹೇಳಿಕೊಂಡು ಸಮಾಧಾನಪಟ್ಟೆ. ಆಪರೇಷನ್ನಿಗೆ ಮಾತ್ರ ಹೋಗಲಿಲ್ಲ.

ಡೈರಿಗೆ ಬರುವ ಹೆಂಗಸೊಬ್ಬಳು ಹೇಳಿದ್ದರಿಂದ ಸುಳ್ಯದ ಫಿಸಿಯೋಥೆರಪಿಯವರ ಹತ್ತಿರ ಒಬ್ಬಳೇ ಹೋದೆ. ಅಲ್ಲಿದ್ದವಳು ನನಗಿಂತ ಚಿಕ್ಕವಳು. ಮೊದಲ ದಿನ ಮುಟ್ಟಲೇ ಇಲ್ಲ. ನಿದ್ದೆ ಬರುತ್ತದಾ, ಕಕ್ಕಸು ಸಲೀಸಾಗುತ್ತದಾ, ಮನೆಯಲ್ಲಿ ಭಾರ ಹೊರುವವರು ಯಾರು, ಹೆರಿಗೆಯಲ್ಲಿ ಏನೇನಾಯಿತು, ಎಲ್ಲ ಕೇಳಿದಳು. ಎಲ್ಲಕ್ಕೂ ನಾನೇ ಉತ್ತರ ಹೇಳಬೇಕಾಯಿತು. ನನ್ನ ಕಾಯಿಲೆಯನ್ನು ನನ್ನ ಬಾಯಿಂದ ಕೇಳಿದ್ದು ಅದೇ ಮೊದಲು.

ಎರಡನೇ ಸಲ, "ಹೊಟ್ಟೆ ಮೇಲೆ ಕೈ ಇಡ್ಲಾ ಅಕ್ಕ? ಸಾಕು ಹೇಳಿದ್ರೆ ತೆಗಿತೇನೆ," ಎಂದಳು. ನೋಡಿಯೇ ಬಿಡುವ ಎಂದು, ಏನೂ ನೋವಿಲ್ಲದಿದ್ದರೂ "ಸಾಕು" ಎಂದೆ. ಕೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿದಳು. ಯಾಕೆಂದು ಕೇಳಲಿಲ್ಲ.

ನನಗೆ ಅಳು ಬಂತು, ಅದರ ಹಿಂದೆಯೇ ಕೆಂಡದಂಥ ಸಿಟ್ಟು. ಸಾಕು ಎಂದರೆ ಕೈ ತೆಗೆಯುವುದು ಇಷ್ಟು ಸುಲಭದ ಕೆಲಸವಾ? ಅವಳು, ಗರ್ಭಕೋಶ ಸ್ವಲ್ಪವೇ ಜಾರಿದ್ದರೆ ವ್ಯಾಯಾಮ ಮಾಡಿ ನೋಡಬಹುದು, ಅದನ್ನು ಎತ್ತಿ ಹಿಡಿಯಲು ಒಳಗೆ ಬಳೆಯಂಥದ್ದೊಂದನ್ನು ಇಡುವುದೂ ಉಂಟು, ಆಪರೇಷನ್ ಬೇಕಾ ಬೇಡವಾ ಎಂದು ಆಮೇಲೆ ನೀವೇ ಯೋಚಿಸಿ ಎಂದಳು. ನೀವೇ ಎಂದದ್ದು ನನಗೆ ಹೊಸತು.

ಉಸಿರಿನ ಜೊತೆ ಕೆಳಗಿನ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮದಿಂದ ಮೂರು ತಿಂಗಳಲ್ಲಿ ಕೆಮ್ಮಿಗೆ ಹೆದರುವುದು ಕಡಿಮೆಯಾಯಿತು. ಅಕ್ಕನನ್ನು ಕ್ಷಮಿಸಬೇಕೆಂದೇ ಬೆಟ್ಟಂಪಾಡಿಗೆ ಹೋದೆ. ಎಲ್ಲ ಹೇಳಿ, "ನಿನಗೆ ಅದು ನಾಚಿಕೆ ಅಂತ ಕಂಡಿತಲ್ಲ, ಇರಲಿ ಬಿಡು," ಎಂದೆ.

ಅಕ್ಕ ಸುಳ್ಳು ಹೇಳುವವಳಲ್ಲ. ಆ ದಿನವಾದರೂ ಒಂದು ಸುಳ್ಳು ಹೇಳಬಹುದಿತ್ತು.

"ನಾಚಿಕೆ ಅಲ್ಲಾಂತ ಗೊತ್ತಿತ್ತು ನನಗೆ. ಆ ಡಾಕ್ಟ್ರು ನನ್ನ ಮಾತಿಗೆ ಬೆಲೆ ಕೊಡ್ತಾರೆ. ನನ್ನ ತಂಗಿಯೇ ಎದ್ದು ಹೋದ್ರೆ ನಾಳೆ ನನ್ನನ್ನು ಯಾರು ಕೇಳ್ತಾರೆ ಹೇಳು?"

ತಿಳಿಯದೆ ಮಾಡಿದ್ದರೆ ಕ್ಷಮಿಸಬಹುದಿತ್ತು. ನಾನು ಕಟ್ಟಿಕೊಂಡು ಬಂದ ಕ್ಷಮೆಗೆ ಅಲ್ಲಿ ಜಾಗವೇ ಇರಲಿಲ್ಲ. ನನ್ನ ಒಡಹುಟ್ಟಿದವಳು ತನ್ನ ಮರ್ಯಾದೆ ಉಳಿಸಿಕೊಳ್ಳಲು ನನ್ನನ್ನು ಬಿಟ್ಟುಕೊಟ್ಟಿದ್ದಳು.

ಅವಳು ಎದ್ದು ಯಾವುದೋ ಫೈಲು ಹುಡುಕತೊಡಗಿದಳು. ಪಕ್ಕದ ಮನೆಯ ಸೊಸೆಯನ್ನು ನಾಳೆ ಅದೇ ಡಾಕ್ಟರಿಗೆ ತೋರಿಸಬೇಕಂತೆ.

"ಅವಳನ್ನು ಕೇಳಿದ್ದೀಯಾ?" ಎಂದೆ.

"ಅವಳ ಅತ್ತೆ ಹೇಳಿದ್ದಾರಲ್ಲ," ಎಂದಳು ಅಕ್ಕ.